ಭಾವ ಇಟ್ಟ ಪ್ರಸ್ಥಾನ

ನಮ್ಮ ಭಾವ ಪ್ರಯಾಣ ಹೊರಟು ಆರು ವರ್ಷವಾದರೂ ಮನೆ ಬಿಟ್ಟಿರಲಿಲ್ಲ! ಸುಳ್ಳಲ್ಲ, ಬೇಕಾದರೆ ಹೊಸನಗರದಲ್ಲಿ ಯಾರನ್ನಾದರೂ ಕೇಳಿ. ಹೊರಟದ್ದೂ ನಿಜ, ದಿನಾ ಸಂಜೆ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದದ್ದೂ ನಿಜ. ಇದಕ್ಕೆ ಸಾಕ್ಷಿ ಸಾಗರದಲ್ಲಿ ನಮ್ಮ ಮನೆಯಲ್ಲಿತ್ತು. ಹಳದಿ ಬಟ್ಟೆಯ ಒಂದು ಗಂಟು, ಅದರ ಪಕ್ಕದಲ್ಲಿ ಗೋಡೆಗೆ ಒರಗಿಸಿದ ದೋಣಿಯ ಹುಟ್ಟು. ಒಂದೇ ಒಂದು ಹುಟ್ಟು. ಅದರ ಜೋಡಿ ಹೊಸನಗರದಲ್ಲಿ, ಭಾವನ ಮನೆಯಲ್ಲಿ.

ನಾನು ರವಿಕೆ ಹೊಲಿಯುವವಳು. ಅಳತೆ ಕೊಡಲು ಬರುವ ಹೆಂಗಸರ ಕಣ್ಣು ಮೊದಲು ಬೀಳುತ್ತಿದ್ದದ್ದೇ ಅದರ ಮೇಲೆ. “ಇದೆಂತ ಅಕ್ಕಾ, ಬ್ರೆಡ್ ತೆಗೆಯೋ ಸಟ್ಟುಗವಾ? ಬೇಕರಿ ಇಡ್ತೀರಾ?” ಎಂದು ಒಬ್ಬಳು. “ಕಂಬಳಿ ಬಡಿಯೋದಾ?” ಎಂದು ಇನ್ನೊಬ್ಬಳು. “ಅಲ್ಲಮ್ಮಾ, ಅದು ನಮ್ಮ ಭಾವನ ಪ್ರಯಾಣ. ಮುಟ್ಟದೆ ಸ್ವಲ್ಪ ಈಚೆ ನಿಂತ್ಕೋ,” ಎಂದು ನಾನು.

ಪ್ರಸ್ಥಾನ ಇಡುವುದು ಎಂದರೆ ಏನೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ದೂರದ ಪ್ರಯಾಣಕ್ಕೆ ಹೊರಡಬೇಕಾದ ದಿನ ಒಳ್ಳೆಯದಿಲ್ಲ ಎಂದಾದರೆ, ಅದಕ್ಕಿಂತ ಮೊದಲೇ ಒಂದು ಒಳ್ಳೆಯ ಮುಹೂರ್ತ ನೋಡಿ, ಅಕ್ಕಿ, ಅಡಿಕೆ, ಅರಿಸಿನದ ಕೊಂಬು ಬಟ್ಟೆಯಲ್ಲಿ ಕಟ್ಟಿ, ಜೊತೆಗೆ ಪ್ರಯಾಣಕ್ಕೆ ಮುಖ್ಯವಾದ ಒಂದು ವಸ್ತುವನ್ನೂ ಸೇರಿಸಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಶಾಸ್ತ್ರದ ಪ್ರಕಾರ ನೀವು ಹೊರಟ ಹಾಗೆ. ಆಮೇಲೆ ರಾಹುಕಾಲದಲ್ಲಿ ಬೇಕಾದರೂ ಹೊರಡಿ, ದಾರಿಯಲ್ಲಿ ಗಂಟು ಎತ್ತಿಕೊಂಡರೆ ಆಯಿತು. ನಮ್ಮ ಅಜ್ಜ ಕಾಶಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಮೂರು ದಿನ ಪ್ರಸ್ಥಾನ ಇಟ್ಟಿದ್ದರಂತೆ. ಭಾವ ನಮ್ಮ ಮನೆಯಲ್ಲಿ ಆರು ವರ್ಷ ಇಟ್ಟರು.

ಅದಕ್ಕೂ ಒಂದು ಗಡುವು ಇದೆಯಂತೆ. ಗಡುವು ಮೀರಿದರೆ ಗಂಟನ್ನು ವಾಪಸು ಒಯ್ಯುವ ಹಾಗಿಲ್ಲ, ಇನ್ನಷ್ಟು ಮುಂದಕ್ಕೆ ಸರಿಸಬಹುದು ಮಾತ್ರ. ಇದು ಭಾವ ಹೇಳುತ್ತಿದ್ದ ಶಾಸ್ತ್ರ, ಯಾವ ಪುಸ್ತಕದಲ್ಲಿದೆಯೋ ನಾನು ಕೇಳಲಿಲ್ಲ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಹೊಸನಗರದಿಂದ ಬಸ್ಸು ಹತ್ತಿ ಬರುವರು, ಕೈಕಾಲು ತೊಳೆದು, ಗಂಟಿಗೆ ನಮಸ್ಕಾರ ಮಾಡಿ, ಒಂದು ಗೇಣು ಪಶ್ಚಿಮಕ್ಕೆ ಸರಿಸಿ, ನಾನು ಕೊಟ್ಟ ದೋಸೆ ತಿಂದು, ಮುಂದಿನ ಬಸ್ಸಿಗೆ ಮನೆಗೆ ಹೋಗುವರು. ನಮ್ಮದು ಪೂರ್ವಕ್ಕೆ ಮುಖ ಮಾಡಿದ ಮನೆ, ಒಳಗೆ ಹೋದಷ್ಟೂ ಪಶ್ಚಿಮ. ಜಗಲಿಯಲ್ಲಿದ್ದ ಗಂಟು ಆರು ವರ್ಷದಲ್ಲಿ ಮುಂಬಾಗಿಲು ದಾಟಿ ಒಳಕ್ಕೆ ಬಂತು. ಒಂಬತ್ತು ಅಡಿ! ನನ್ನ ಅಳತೆ ಟೇಪಿನಲ್ಲಿ ನಾನೇ ಹಿಡಿದು ನೋಡಿದ್ದೇನೆ. ಈ ವೇಗದಲ್ಲಿ ಅದು ಅಡುಗೆಮನೆ ದಾಟುವ ಹೊತ್ತಿಗೆ ದೋಸೆ ಹೊಯ್ಯಲು ನಾನು ಇರುತ್ತಿರಲಿಲ್ಲ.

ಇಷ್ಟಕ್ಕೂ ಎಲ್ಲಿಗೆ ಪ್ರಯಾಣ? ಹೇಳುತ್ತೇನೆ, ನಗಬೇಡಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತದಲ್ಲ, ಅಲ್ಲಿಂದ ಅದು ಸಮುದ್ರ ಸೇರುವ ಹೊನ್ನಾವರದವರೆಗೆ, ಇಬ್ಬರು ಕೂರುವ ರಬ್ಬರ್ ದೋಣಿಯಲ್ಲಿ, ಗಂಡ ಹೆಂಡತಿ ಇಬ್ಬರೇ! ಹೆಂಡತಿ ಎಂದರೆ ನನ್ನ ಸ್ವಂತ ಅಕ್ಕ. ಅದಕ್ಕೇ ನನಗೆ ಇಷ್ಟು ಹೊಟ್ಟೆಯುರಿ.

ಇದರ ಬೇರು ಅವರ ಮದುವೆಯ ಕಾಲದ್ದು. ಮದುವೆಯಾಗಿ ಇನ್ನೂ ಅರಿಸಿನ ಮಾಸದ ದಿನಗಳಲ್ಲಿ ಅಕ್ಕ, “ನಾನು ಸಮುದ್ರ ನೋಡಿಲ್ಲ, ಒಂದ್ಸಲ ಕರ್ಕೊಂಡು ಹೋಗ್ತೀರಾ?” ಎಂದು ಕೇಳಿದಳಂತೆ. ಭಾವ ಆಗಷ್ಟೇ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರಾಗಿ ಸೇರಿದ್ದರು. ಅವರೂ ಸಮುದ್ರ ನೋಡಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದುಂಟೇ? “ಬಸ್ಸಲ್ಲಿ ಹೋಗಿ ಸಮುದ್ರ ನೋಡೋದು ಎಂತಕ್ಕೆ? ಅದು ಯಾರು ಬೇಕಾದ್ರೂ ನೋಡ್ತಾರೆ. ನಮ್ಮ ಹೊಳೆ ಹೆಂಗೆ ಹೋಗ್ತದೋ ಹಂಗೇ ಅದರ ಜೊತೆ ಹೋಗಿ ನೋಡೋಣ. ಅಲ್ಲೀ ತನಕ ಇಬ್ರೂ ಸಮುದ್ರ ನೋಡೋದು ಬೇಡ,” ಎಂದರಂತೆ. ಹತ್ತೊಂಬತ್ತು ವರ್ಷದ ಹುಡುಗಿ ಅಲ್ಲೇ ಕರಗಿ ನೀರಾದಳು. ನಾನಾಗಿದ್ದರೆ ಬಸ್ಸಿನ ವೇಳೆ ಕೇಳುತ್ತಿದ್ದೆ.

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರೆ. ಎಡವಟ್ಟ ಒಬ್ಬನೇ ಹೋದರೆ ಯಾರಿಗೆ ನಷ್ಟ? ಹೆಂಡತಿಯನ್ನೂ ಆ ದಾರಿಗೇ ಎಳೆದುಕೊಂಡರಲ್ಲ! ಮೂವತ್ತು ವರ್ಷ ಮಕ್ಕಳಿಗೆ ಸಮುದ್ರದ ಅಲೆ, ಉಬ್ಬರ, ಇಳಿತ, ಮಾರುತ ಎಲ್ಲ ಪಾಠ ಮಾಡಿದ ಮನುಷ್ಯ ಕಡಲ ತೀರಕ್ಕೆ ಒಂದು ಸಲ ಕಾಲಿಡಲಿಲ್ಲ. ಶಾಲೆಯ ಪ್ರವಾಸವನ್ನು ಪ್ರತಿ ವರ್ಷ ಬೇಲೂರು, ಹಳೇಬೀಡಿನ ಕಡೆಗೇ ತಿರುಗಿಸುತ್ತಿದ್ದರು. ಆ ಶಾಲೆಯ ಮಕ್ಕಳಿಗೆ ಶಿಲಾಬಾಲಿಕೆಯರ ಹೆಸರು ಬಾಯಿಪಾಠವಾಗಿತ್ತು, ಮರಳಿನಲ್ಲಿ ಮನೆ ಕಟ್ಟಲು ಬರುತ್ತಿರಲಿಲ್ಲ.

ಅಕ್ಕನೋ, ಅವರಿಗಿಂತ ಒಂದು ಕೈ ಮೇಲು. ಮಹಿಳಾ ಸಂಘದವರು ಮುರುಡೇಶ್ವರಕ್ಕೆ ಹೊರಟಾಗ ನಾನು ಅವಳ ಹೆಸರನ್ನೂ ಬರೆಸಿದ್ದೆ. ಬರಲಿಲ್ಲ. ಕುಮಟೆಯಲ್ಲಿ ನಮ್ಮ ಸೋದರಮಾವನ ಮಗನ ಮದುವೆಯಾದಾಗ ಬಾರದೆ ಇರುವ ಹಾಗಿರಲಿಲ್ಲ, ಬಂದಳು. ದಾರಿಯಲ್ಲಿ ಸಮುದ್ರ ಕಂಡಿತು ಎಂದು ಬಸ್ಸಿನಲ್ಲಿದ್ದವರೆಲ್ಲ ಆ ಬದಿಯ ಕಿಟಕಿಗೆ ಮುಗಿಬಿದ್ದರೆ ಇವಳು ಬೆನ್ನು ತಿರುಗಿಸಿ ಕುಳಿತಳು! “ಎಂತಕ್ಕೆ ಹಿಂಗೆ ಮಾಡ್ತೀಯೆ?” ಎಂದು ನಾನು ಬೈದರೆ, “ಇವ್ರು ನೋಡಿಲ್ವಲ್ಲೇ,” ಎಂದಳು. ಮಾರನೆಯ ದಿನ ಎಲ್ಲರೂ ಕಡಲಿಗೆ ಹೋದಾಗ ಛತ್ರದಲ್ಲಿ ಬ್ಯಾಗುಗಳನ್ನು ಕಾಯುತ್ತಾ ಉಳಿದಳು.

ಭಾವ ನಿವೃತ್ತರಾದ ವರ್ಷ ದೋಣಿ ಬಂತು. ನೀಲಿ ಬಣ್ಣದ್ದು, ಕಾಲಲ್ಲಿ ಒತ್ತುವ ಪಂಪಿನಿಂದ ಗಾಳಿ ತುಂಬುವಂಥದ್ದು. ಬಂದ ವಾರವೇ ಪಂಚಾಂಗ ನೋಡಿ ನಮ್ಮ ಮನೆಯಲ್ಲಿ ಪ್ರಸ್ಥಾನ ಇಟ್ಟರು. ಭೂಗೋಳದ ಮೇಷ್ಟರಿಗೆ ಪಂಚಾಂಗದ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಬೇಡಿ. ಭೂಮಿ ದುಂಡಗಿದೆ ಎಂದು ಪಾಠ ಮಾಡಿ ಬಂದು ಮನೆಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗದ ಮನುಷ್ಯ ಅವರು.

ಗಾಳಿ ತುಂಬಿದ ದೋಣಿಯನ್ನು ಪರೀಕ್ಷೆಗೆಂದು ತಾರಸಿಯ ಮೇಲೆ ಇಟ್ಟರು. ಅದು ಹಲಸಿನ ಹಪ್ಪಳದ ಕಾಲ. ಅಷ್ಟು ಅಗಲವಾದ, ನುಣುಪಾದ, ಬಿಸಿಲಿಗೆ ಕಾದ ಜಾಗವನ್ನು ಸುಮ್ಮನೆ ಬಿಡಲು ಅಕ್ಕನಿಗೆ ಮನಸ್ಸು ಬರುತ್ತದೆಯೇ? ದೋಣಿಯ ತುಂಬ ಹಪ್ಪಳ ಹರಡಿದಳು. ಹಪ್ಪಳಕ್ಕೆ ಕಾಗೆ ಬಂತು. ಕಾಗೆಗೆ ಹಪ್ಪಳ ಯಾವುದು ದೋಣಿ ಯಾವುದು ಎಂದು ಹೇಗೆ ಗೊತ್ತಾಗಬೇಕು? ಸಂಜೆಯ ಹೊತ್ತಿಗೆ ದೋಣಿ ಹಪ್ಪಳಕ್ಕಿಂತ ಚಪ್ಪಟೆಯಾಗಿತ್ತು. ಭಾವ ಅದನ್ನು ಮಡಚಿ ಹೆಗಲ ಮೇಲೆ ಹೊತ್ತು ಪಂಕ್ಚರ್ ಅಂಗಡಿಗೆ ಹೋದರು. ಅವನು ತನ್ನ ನೀರಿನ ಬಾಣಲೆ ನೋಡಿದ, ದೋಣಿ ನೋಡಿದ, “ಸಾರ್, ಇದರ ತೂತು ಹುಡುಕ್ಬೇಕು ಅಂದ್ರೆ ಕೆರೆಗೇ ಹಾಕ್ಬೇಕು,” ಎಂದ. ಹೀಗೆ ಶರಾವತಿಗೆಂದು ತಂದ ದೋಣಿ ಮೊದಲ ಸಲ ನೀರು ಕಂಡದ್ದು ತೂತು ಹುಡುಕಲಿಕ್ಕೆ, ಅದೂ ಊರ ಕೆರೆಯಲ್ಲಿ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆ ಕೇಳಿದ್ದೀರಲ್ಲ, ಆ ಕುಲಾವಿ ಹೊಲಿದವಳು ನಾನೇ. ದೋಣಿಗೆ ಬಿಸಿಲು ತಡೆಯುವ ಚಪ್ಪರ, ನಕ್ಷೆಗೆ ನೀರು ತಾಗದ ಚೀಲ, ಔಷಧಿಗೆ ಒಂದು ಚೀಲ, ಅವಲಕ್ಕಿಗೆ ಒಂದು ಚೀಲ, ಕೊನೆಗೆ ದೋಣಿಗೆ ಒಂದು ಬಾವುಟ! “ಬಾವುಟ ಯಾಕೆ ಭಾವ?” ಎಂದರೆ “ದೂರದಿಂದ ಕಾಣ್ಬೇಕಲ್ಲ ಮಾರಾಯ್ತಿ,” ಎಂದರು. ಹತ್ತಿರದಿಂದಲೂ ಕಾಣುವ ಹಾಗೆ ಹೊರಟಿದ್ದರೆ ಸಾಕಿತ್ತು ನನಗೆ.

ನಕ್ಷೆಯೆಂದರೆ ಸಾಮಾನ್ಯದ್ದಲ್ಲ. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಸುರುಳಿ. ಬಿಚ್ಚಿದರೆ ಅವರ ಮನೆಯ ಮುಂಬಾಗಿಲಿಂದ ಬಚ್ಚಲಿನವರೆಗೆ ಹರಿಯುತ್ತಿತ್ತು. ತಿರುವು, ಬಂಡೆ, ಸೇತುವೆ, ಊಟಕ್ಕೆ ನಿಲ್ಲುವ ಜಾಗ ಎಲ್ಲ ಬರೆದಿದ್ದರು. ಕೊನೆಯ ಹಾಳೆ ಮಾತ್ರ ಖಾಲಿ. “ಅದು ಸಮುದ್ರ. ನೋಡಿ ಬಂದು ಬರೀತೀನಿ,” ಎನ್ನುತ್ತಿದ್ದರು. ಒಂದು ದಿನ ನಾನು ಆ ಸುರುಳಿಯ ಪಕ್ಕ ಕುಳಿತು ಕೇಳಿದೆ.

“ಭಾವ, ಮಧ್ಯ ಲಿಂಗನಮಕ್ಕಿ ಅಣೆಕಟ್ಟು ಬರ್ತದಲ್ಲ?”

“ಅಲ್ಲಿ ದೋಣಿ ಗಾಳಿ ಬಿಟ್ಟು, ಮಡಚಿ, ಹೆಗಲಿಗೆ ಹಾಕ್ಕಂಡು ಆಚೆ ಹೋಗೋದು.”

“ಆಮೇಲೆ ಜೋಗ?”

“ಅಲ್ಲೂ ಹಂಗೇ. ಇಳ್ಕಂಡು ಹೋಗೋದು.”

“ಹೊಳೆ ಇಳ್ದಂಗಾ?”

ಭಾವ ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕ ಒಳಗಿನಿಂದ, “ಅವಳಿಗೆ ಎಲ್ಲಾ ತಮಾಷೆ. ಅಲ್ಲಿ ಮೆಟ್ಲು ಇದೆ ಅಂತೆ ಕಣೆ, ನನ್ನ ಮಂಡಿಗೂ ಎಂತ ತೊಂದ್ರೆ ಇಲ್ಲ,” ಎಂದು ಕೂಗಿದಳು.

ಇನ್ನು ಹೊರಡುವ ಕಾಲ. ಮಳೆಗಾಲದಲ್ಲಿ ಹೊಳೆಯಲ್ಲಿ ನೀರು ಜಾಸ್ತಿ. ಬೇಸಿಗೆಯಲ್ಲಿ ನೀರೇ ಇಲ್ಲ. ಚಳಿಗಾಲದಲ್ಲಿ ನೀರೂ ಹದ, ಬಿಸಿಲೂ ಹದ, ಆದರೆ ಭಾವನಿಗೆ ಕಫ. ಒಂದು ವರ್ಷ ಕಫವೂ ಇರಲಿಲ್ಲ, ಆಗ ಹಿನ್ನೀರಿಗೆ ಸೇತುವೆ ಬಂತು. ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಕಷ್ಟ ತಪ್ಪಿತೆಂದು ಊರೆಲ್ಲ ಸಂಭ್ರಮಪಟ್ಟರೆ ಭಾವ ಒಬ್ಬರೇ ತಲೆಯ ಮೇಲೆ ಕೈ ಹೊತ್ತು ಕುಳಿತರು. ನಕ್ಷೆಯಲ್ಲಿ ‘ಇಲ್ಲಿ ಲಾಂಚಿಗೆ ದಾರಿ ಬಿಡುವುದು’ ಎಂದು ಬರೆದಿದ್ದರಂತೆ, ಮತ್ತೆ ತಿದ್ದಬೇಕಂತೆ! ಅಷ್ಟು ದೊಡ್ಡ ನೀರಿಗೆ ಸೇತುವೆಯೇ ಬಂತು, ಭಾವ ಬರಲಿಲ್ಲ.

ಇಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ.

ಅಕ್ಕ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಪಕ್ಕ ಕುಳಿತು ಸೂಜಿಗಳಿಗೆ ದಾರ ಪೋಣಿಸಿ ಕೊಡುವುದು ರೂಢಿ. ನನಗಿಂತ ಐದು ವರ್ಷ ದೊಡ್ಡವಳು, ಆದರೂ ಕಣ್ಣು ನನಗಿಂತ ಚುರುಕು ಎಂದು ಅವಳಿಗೆ ಜಂಬ. ಒಂದು ದಿನ ನೋಡುತ್ತೇನೆ, ದಾರವನ್ನು ಸೂಜಿಯ ಪಕ್ಕದಲ್ಲಿ, ಬರೀ ಗಾಳಿಗೆ ಪೋಣಿಸುತ್ತಿದ್ದಾಳೆ. ಮತ್ತೆ ಮತ್ತೆ ಪೋಣಿಸುತ್ತಿದ್ದಾಳೆ. “ಈ ಸೂಜಿ ಸರಿ ಇಲ್ಲ ಕಣೆ,” ಎಂದಳು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ನರ ಹಾಳಾಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದು ಎಷ್ಟು ದಿನ ಉಳಿಯುತ್ತದೋ ನೋಡೋಣ ಎಂದು ಡಾಕ್ಟರು ಹನಿ ಬರೆದುಕೊಟ್ಟರು.

ಅವತ್ತು ಸಂಜೆಯೇ ಹೊಸನಗರದ ಅವರ ಜಗಲಿಯಲ್ಲಿ ನಿಂತು ಹೇಳಿದೆ. “ನಾಳೆ ಬೆಳಿಗ್ಗೆ ನಮ್ಮನೆಯವ್ರು ಕಾರು ತರ್ತಾರೆ. ಎಲ್ರೂ ಹೊನ್ನಾವರಕ್ಕೆ ಹೋಗೋದು. ಅಕ್ಕ ಸಮುದ್ರ ನೋಡ್ಲಿ. ಮೂರು ಗಂಟೆ ದಾರಿ, ಮಧ್ಯಾಹ್ನದ ಊಟದೊಳಗೆ ಮುಗಿದು ಹೋಗ್ತದೆ.”

ಅಕ್ಕ ಬೆಚ್ಚಿಬಿದ್ದಳು. “ಪ್ರಸ್ಥಾನ ಇಟ್ಟಾಗಿದೆಯಲ್ಲೇ! ಒಂದು ಪ್ರಯಾಣ ಅರ್ಧದಲ್ಲಿ ಬಿಟ್ಟು ಅದೇ ಊರಿಗೆ ಇನ್ನೊಂದು ದಾರಿ ಹಿಡಿಯಕ್ಕೆ ಆಗ್ತದಾ? ಇವ್ರಿಗೆ ಎಂತಾದ್ರೂ ಆದ್ರೆ?”

ನಾನು ಭಾವನ ಕಡೆ ತಿರುಗಿದೆ. “ನೀವಾದ್ರೂ ಹೇಳಿ ಭಾವ.”

ಭಾವ ಕಾಲ ಬಳಿಯಿದ್ದ ಪಂಪನ್ನು ನೋಡುತ್ತಾ, “ದೀಪಾವಳಿ ಕಳೆದ ಕೂಡ್ಲೇ ಹೊರಡೋದೇ. ಈ ಸಲ ತಪ್ಸಲ್ಲ,” ಎಂದರು.

“ನಿಮ್ಮ ದೀಪಾವಳಿ ಬರೋ ಹೊತ್ತಿಗೆ ಅವಳಿಗೆ ದೀಪ ಕಾಣ್ಬೇಕಲ್ಲ!” ಎಂದೆ. ಆಡಬಾರದ ಮಾತು, ಆಡಿಬಿಟ್ಟೆ. ಅಕ್ಕ, “ಸಾಕು ಸುಮ್ನಿರೇ,” ಎಂದು ಒಳಗೆ ಹೋದಳು. ಅವತ್ತಿನಿಂದ ನಾನು ಭಾವನ ಹತ್ತಿರ ಮಾತು ಬಿಟ್ಟೆ. ಆಮೇಲೂ ಅವರು ಗಂಟು ಸರಿಸಲು ಬರುತ್ತಿದ್ದರು. ದೋಸೆ ಹಾಕಿಕೊಡುತ್ತಿದ್ದೆ, ಮಾತು ಹಾಕುತ್ತಿರಲಿಲ್ಲ.

ಒಂದು ದೀಪಾವಳಿ ಹೋಯಿತು, ಕಫ. ಇನ್ನೊಂದು ದೀಪಾವಳಿ ಹೋಯಿತು, ಸೇತುವೆ. ಅಕ್ಕನಿಗೆ ಮೊದಲು ಅಕ್ಕಪಕ್ಕದ್ದು ಹೋಯಿತು, ಆಮೇಲೆ ಎದುರಿಗಿದ್ದದ್ದು. ಬೆಳಕು ಯಾವ ಕಡೆ ಎಂದು ಗೊತ್ತಾಗುವಷ್ಟು ಮಾತ್ರ ಉಳಿಯಿತು. ಜನ ಕುಡಿದು ಸಂಸಾರ ಹಾಳು ಮಾಡುತ್ತಾರೆ, ಇಸ್ಪೀಟು ಆಡಿ ಹಾಳು ಮಾಡುತ್ತಾರೆ. ನಮ್ಮ ಭಾವನಿಗೆ ಎಲೆ ಅಡಿಕೆಯ ಚಟ ಕೂಡ ಇಲ್ಲ. ಯೋಜನೆ ಹಾಕಿ ಹಾಕಿಯೇ ನನ್ನ ಅಕ್ಕನನ್ನು ಹಾಳು ಮಾಡಿದರು! ಹೀಗೆ ಎಷ್ಟು ಸಲ ಹೊಲಿಗೆ ಯಂತ್ರದ ಮುಂದೆ ಕುಳಿತು ಒಬ್ಬಳೇ ಗೊಣಗಿದ್ದೇನೋ, ಲೆಕ್ಕವಿಲ್ಲ.

ಅಷ್ಟು ಸಾಲದೆಂದು ಭಾವನ ತಿರುಗಾಟ ಶುರುವಾಯಿತು. ಪಟಗುಪ್ಪೆ ಸೇತುವೆಯ ಕೆಳಗೆ ಒಬ್ಬರೇ ಕುಳಿತಿದ್ದರು ಎಂದು ಒಬ್ಬರು ಹೇಳಿದರು. ಗೇರುಸೊಪ್ಪೆಯ ಹತ್ತಿರ ಹೊಳೆಯ ದಂಡೆಯಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದರು ಎಂದು ಇನ್ನೊಬ್ಬರು. ಕಣ್ಣು ಕಾಣದ ಹೆಂಡತಿಯನ್ನು ಪಕ್ಕದ ಮನೆಯವರ ಮೇಲೆ ಬಿಟ್ಟು ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆ ಬರುವುದು! ಕಣ್ಣಿದ್ದಾಗ ಹೊರಡದ ಕಾಲುಗಳಿಗೆ ಈಗ ಚಕ್ರ ಬಂದವು ನೋಡಿ ಎಂದು ನಾನು ಕೇಳಿದವರಿಗೆಲ್ಲ ಹೇಳಿದೆ.

ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ನಾಲ್ಕು ರವಿಕೆ ಹೊಲಿದೆ. ಹುಕ್ಕು ಹುಡುಕುವುದು ಕಷ್ಟವೆಂದು ಮುಂದುಗಡೆ ದೊಡ್ಡ ಗುಂಡಿ ಇಟ್ಟು ಹೊಲಿದದ್ದು. ಕೊಟ್ಟು ಬರೋಣವೆಂದು ಒಂದು ಮಧ್ಯಾಹ್ನ ಹೊಸನಗರಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ನಡುಮನೆಯಲ್ಲಿ ಕುರ್ಚಿಗಳಿಲ್ಲ, ಮಂಚವಿಲ್ಲ. ಗೋಡೆಯಿಂದ ಗೋಡೆಗೆ ದೋಣಿ! ಗಾಳಿ ತುಂಬಿ ಬಿಗಿಯಾಗಿ ಕುಳಿತಿದೆ, ನಾನು ಹೊಲಿದ ಚಪ್ಪರವೂ ಮೇಲೆ ಇದೆ. ಮುಂದಿನ ಸೀಟಿನಲ್ಲಿ ಅಕ್ಕ, ಮಡಿಲಲ್ಲಿ ಮೊರ ಇಟ್ಟುಕೊಂಡು ಬಸಳೆ ಸೊಪ್ಪು ಬಿಡಿಸುತ್ತಿದ್ದಾಳೆ. ಹಿಂದಿನ ಸೀಟಿನಲ್ಲಿ ಭಾವ, ತೊಡೆಯ ಮೇಲೆ ನಕ್ಷೆಯ ಸುರುಳಿ, ಪಕ್ಕದಲ್ಲಿ ಒಂಟಿ ಹುಟ್ಟು.

“ಈಗ ಗೇರುಸೊಪ್ಪೆ ದಾಟಿದ್ವಿ,” ಎನ್ನುತ್ತಿದ್ದರು ಭಾವ. “ಹೊಳೆ ಅಗಲ ಆಯ್ತು. ಎಡಗಡೆ ದಡದಲ್ಲಿ ತೆಂಗಿನ ತೋಟ. ನೀರಿನ ಹತ್ರ ಒಬ್ಳು ಹೆಂಗಸು ಪಾತ್ರೆ ತಿಕ್ತಾ ಇದಾಳೆ.”

“ಎಂತ ಪಾತ್ರೆ?” ಎಂದಳು ಅಕ್ಕ.

“ಅನ್ನದ್ದು. ತಳ ಹಿಡಿದು ಕಪ್ಪಾಗಿದೆ. ಬೂದಿ ಹಾಕಿ ತಿಕ್ತಾ ಇದಾಳೆ.”

“ಪಾಪ, ಸ್ವಲ್ಪ ನೀರು ಹಾಕಿ ನೆನೆಯಕ್ಕೆ ಬಿಡ್ಬೇಕಿತ್ತು. ಬಲಗಡೆ?”

“ಬಲಗಡೆ ಒಂದು ಹಳೇ ದೋಣಿ ಮಗುಚಿ ಹಾಕಿದಾರೆ. ಅದರ ಮೇಲೆ ಬೆಕ್ಕು ಮಲಗಿದೆ. ಬಿಳೀದು. ಬಾಲ ಮಾತ್ರ ಕರಿ.”

ನನಗೆ ಆಗ ಅರ್ಥವಾಯಿತು. ಅಷ್ಟು ದಿನದ ತಿರುಗಾಟ ಇದಕ್ಕೆ. ಹೋಗಿ, ದಂಡೆಯಲ್ಲಿ ನಡೆದು, ಕಂಡದ್ದನ್ನೆಲ್ಲ ಬರೆದುಕೊಂಡು ಬಂದು, ಮಧ್ಯಾಹ್ನಕ್ಕೆ ಇಷ್ಟಿಷ್ಟು ಎಂದು ಅವಳನ್ನು ಅಂಬುತೀರ್ಥದಿಂದ ಕರೆದುಕೊಂಡು ಹೊರಟಿದ್ದರು. ನನ್ನ ಕೋಪ ಕರಗಿತು ಎಂದುಕೊಂಡಿರಾ? ಇಲ್ಲ! ಇನ್ನೂ ಹೆಚ್ಚಾಯಿತು. ನೋಡುವ ಕಣ್ಣಿದ್ದಾಗ ತೋರಿಸದೆ ಈಗ ಬೆಕ್ಕಿನ ಬಾಲದ ಬಣ್ಣ ಹೇಳುತ್ತಿದ್ದಾರಲ್ಲ! ಆದರೂ ಮಾತು ಮುಗಿಯುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.

ರವಿಕೆ ಕೊಟ್ಟು ಹೊರಟಾಗ ಭಾವ ಬಸ್‌ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದರು. ಎರಡು ವರ್ಷ ಮಾತಾಡದ ನಾದಿನಿಯ ಹತ್ತಿರ ಏನು ಹೇಳುತ್ತಾರೆ? ಜೇಬಿನಿಂದ ಸಣ್ಣ ಪುಸ್ತಕ, ಪೆನ್ನು ತೆಗೆದರು.

“ನಾಳೆ ಹೊನ್ನಾವರ ಬರ್ತದೆ,” ಎಂದರು. “ಅದರಿಂದ ಮುಂದೆ ನಂಗೆ ಗೊತ್ತಿಲ್ಲ ಮಾರಾಯ್ತಿ. ಅವಳನ್ನ ಬಿಟ್ಟು ನೋಡಲ್ಲ ಅಂದವನು. ನೀನು ಸಂಘದವ್ರ ಜೊತೆ ಹೋಗಿ ಬಂದವಳಲ್ಲಾ? ಸಮುದ್ರ ಹೆಂಗಿರ್ತದೆ, ಸ್ವಲ್ಪ ಹೇಳು, ಬರ್ಕೊಳ್ತೀನಿ.”

“ಮೂವತ್ತು ವರ್ಷ ಪಾಠ ಮಾಡಿದೀರಲ್ಲ? ಪುಸ್ತಕದಲ್ಲಿ ಇರ್ಲಿಲ್ವಾ?”

“ಪುಸ್ತಕದಲ್ಲಿ ಉಪ್ಪು ಎಷ್ಟು ಅಂತ ಇತ್ತು,” ಎಂದರು ಭಾವ.

ಹೇಳೋಣವೆಂದು ಬಾಯಿ ತೆರೆದೆ. ಏನು ಹೇಳುವುದು? ಮುರುಡೇಶ್ವರ ಎಂದರೆ ನನಗೆ ನೆನಪಿದ್ದದ್ದು ಒದ್ದೆಯಾದ ಸೀರೆಯ ಅಂಚು, ಚಪ್ಪಲಿಯೊಳಗಿನ ಮರಳು, ಮಸಾಲೆ ಮಂಡಕ್ಕಿ, ವಾಪಸು ಬರುವಾಗ ಕಿಟಕಿಯ ಸೀಟಿಗೆ ನಡೆದ ಜಗಳ. ಸಮುದ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆ, ಬೆನ್ನು ಅದರ ಕಡೆಗೇ ಇತ್ತು. ಅಕ್ಕನ ಕಣ್ಣಿಗಾಗಿ ಇಷ್ಟು ಹಾರಾಡಿದ ನಾನು ಎರಡು ಕಣ್ಣಿದ್ದೂ ಏನನ್ನೂ ನೋಡಿ ಬಂದಿರಲಿಲ್ಲ.

“ದೊಡ್ಡದಿರ್ತದೆ,” ಎಂದೆ.

ಭಾವ ಪುಸ್ತಕದಲ್ಲಿ ‘ದೊಡ್ಡದು’ ಎಂದು ಬರೆದುಕೊಂಡು, ಮುಂದಿನ ಮಾತಿಗೆ ಪೆನ್ನು ಹಿಡಿದು ಕಾದರು. ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತಿ ಕುಳಿತು ದಾರಿಯುದ್ದಕ್ಕೂ ಅತ್ತೆ.

ಮನೆಗೆ ಬಂದು ಬಾಗಿಲು ತೆರೆದರೆ ಗಂಟು ಎದುರಿಗೇ ಇತ್ತು. ಹಿಂದೆ ಒಯ್ಯುವ ಹಾಗಿಲ್ಲ. ಮುಂದೆ ಸರಿಸಬಹುದು. ಎಷ್ಟು ಮುಂದೆ ಎಂದು ಯಾರಾದರೂ ಹೇಳಿದ್ದರೇ? ಯಾರೂ ಹೇಳಿರಲಿಲ್ಲ! ಭಾವ ಒಂದು ಗೇಣು ಸರಿಸುತ್ತಿದ್ದರು, ಏಕೆಂದರೆ ಅವರು ಭಾವ. ನನಗೇನಾಗಿತ್ತು? ಅಕ್ಕನಿಗೆ ಇನ್ನೂ ಕಣ್ಣು ಕಾಣುತ್ತಿದ್ದ ದಿನಗಳಲ್ಲಿ ದಿನಕ್ಕೆ ಹತ್ತು ಸಲ ಈ ಗಂಟಿನ ಪಕ್ಕದಲ್ಲಿ ಓಡಾಡಿ, ಕಸ ಗುಡಿಸಿ, ಬೈದು, ಬಂದವರಿಗೆಲ್ಲ ತೋರಿಸಿ ನಗಿಸಿದೆನೇ ಹೊರತು ಎತ್ತಿ ಕಾರಿನಲ್ಲಿಡಲು ತೋಚಲಿಲ್ಲ. ಅವರ ತಪ್ಪಿಗೆ ಹುಚ್ಚು ಎಂಬ ಹೆಸರಾದರೂ ಇದೆ. ನನ್ನದಕ್ಕೆ ಹೆಸರೂ ಇಲ್ಲ. ಅಲ್ಲೇ ನಿಂತು ಫೋನು ಮಾಡಿದೆ. ಅಕ್ಕನೇ ಎತ್ತಿದಳು.

“ಅಕ್ಕಾ, ನಿಮ್ಮ ಪ್ರಸ್ಥಾನ ನಾಳೆ ಬೆಳಿಗ್ಗೆ ಹತ್ತಕ್ಕೆ ಇಲ್ಲಿಂದ ಹೊನ್ನಾವರಕ್ಕೆ ಹೋಗ್ತದೆ. ಹಿಂದೆ ಬರ್ತೀರೋ ಬಿಡ್ತೀರೋ ನೀವೇ ನೋಡ್ಕೊಳ್ಳಿ.”

ಅಕ್ಕ ಮೊದಲು ವಿಚಾರಿಸಿದ್ದು ಗಂಟನ್ನೇ.

“ಅದೇ ಗಂಟಾ?”

“ಅದೇ.”

“ಬಿಚ್ಚಿಲ್ಲ ಅಲ್ದಾ?”

“ಇಲ್ಲ ಮಾರಾಯ್ತಿ. ನೀನು ಹಾಕಿದ ಗಂಟು ಹಂಗೇ ಇದೆ.”

“ಹಂಗಾದ್ರೆ ಬರ್ಲೇಬೇಕಲ್ಲ,” ಎಂದಳು ಅಕ್ಕ. ಆಮೇಲೆ ಫೋನು ಕೆಳಗಿಡದೆಯೇ ಒಳಗಡೆ ಮುಖ ಮಾಡಿ, “ರೀ, ಹೊರಟ್ವಿ!” ಎಂದು ಕೂಗಿದ್ದು ನನಗೆ ಕೇಳಿಸಿತು.

ಬೆಳಿಗ್ಗೆ ಒಂಬತ್ತಕ್ಕೇ ಬಂದಿಳಿದರು. ಅಕ್ಕ ಹೊಸ ರವಿಕೆ ಹಾಕಿದ್ದಳು, ಗುಂಡಿ ಒಂದು ಮೇಲೆ ಕೆಳಗಾಗಿತ್ತು. ಭಾವನ ಕೈಯಲ್ಲಿ ಅವರ ಮನೆಯಲ್ಲಿದ್ದ ಒಂಟಿ ಹುಟ್ಟು. ಕಂಡಕ್ಟರು ಅದಕ್ಕೂ ಟಿಕೆಟ್ ತಗೊಳ್ಳಿ ಎಂದನಂತೆ. ನಮ್ಮ ಮನೆಯವರು ಕಾರು ಓಡಿಸಿದರು. ನಾನು ಮುಂದೆ, ಮಡಿಲಲ್ಲಿ ಗಂಟು. ಎರಡು ಹುಟ್ಟುಗಳೂ ಕಿಟಕಿಯಿಂದ ಹೊರಗೆ ಚಾಚಿದ್ದವು. ಘಟ್ಟ ಇಳಿದು ಗೇರುಸೊಪ್ಪೆ ದಾಟಿದ ಮೇಲೆ ರಸ್ತೆ ಹೊಳೆಯ ಪಕ್ಕದಲ್ಲೇ ಹೋಗುತ್ತದೆ. ಭಾವ ಒಂದೊಂದೇ ಹೇಳುತ್ತಾ ಬಂದರು. ಅಕ್ಕ ಕಿಟಕಿಯ ಪಕ್ಕ ಕುಳಿತಿದ್ದಳು. ಈ ಸಲ ಬೆನ್ನು ತಿರುಗಿಸುವ ಅಗತ್ಯವಿರಲಿಲ್ಲ.

ಹೊನ್ನಾವರ ಹತ್ತಿರವಾಗುತ್ತಿದ್ದಂತೆ ಭಾವ ಮಾತು ನಿಲ್ಲಿಸಿದರು. ತಿರುಗಿ ನೋಡಿದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾರೆ!

“ಎಂತಕ್ಕೆ ಕಣ್ಣು ಮುಚ್ಕೊಂಡ್ರಿ ಭಾವ? ತಲೆ ಸುತ್ತಾ?”

“ಇಲ್ಲ. ಇಬ್ರೂ ಒಟ್ಟಿಗೇ ತಲುಪ್ಬೇಕು.”

ಕಾರು ನಿಂತ ಮೇಲೆ ಮರಳಿನ ಮೇಲೆ ಅಕ್ಕನನ್ನು ಒಂದು ಕೈಯಲ್ಲಿ, ಭಾವನನ್ನು ಇನ್ನೊಂದು ಕೈಯಲ್ಲಿ ಹಿಡಿದು ನಡೆಸಿದೆ. ಗಂಟು ಹಿಡಿದು ನಮ್ಮ ಮನೆಯವರು ಹಿಂದೆ ಬಂದರು. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ನಮ್ಮ ಮೆರವಣಿಗೆಯನ್ನು ನೋಡಿ ಕೆಲಸ ನಿಲ್ಲಿಸಿದಳು. ಎರಡು ವರ್ಷ ಮೊದಲು ಬಂದಿದ್ದರೆ ಒಬ್ಬರ ಕೈಯನ್ನೂ ಹಿಡಿಯಬೇಕಿರಲಿಲ್ಲ, ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ನೀರು ಬಂದು ಪಾದ ಮುಟ್ಟಿದಾಗ ಅಕ್ಕ ಸೀರೆಯನ್ನು ಎತ್ತಿಕೊಳ್ಳಲಿಲ್ಲ. ಬಾಗಿ, ಬೆರಳು ಅದ್ದಿ, ನಾಲಗೆಗೆ ಹಚ್ಚಿ ನೋಡಿದಳು.

“ಕಣ್ಣು ಬಿಟ್ರಾ?” ಎಂದು ಕೇಳಿದಳು.

“ಬಿಟ್ಟೆ,” ಎಂದರು ಭಾವ.

ಆಮೇಲೆ ಮಾತೇ ಇಲ್ಲ. ಮೂವತ್ತಾರು ವರ್ಷ ಬಾಯಿ ಮುಚ್ಚದ ಮನುಷ್ಯ! ಪುಸ್ತಕ ಜೇಬಿನಲ್ಲೇ ಇತ್ತು, ಕೈ ಅತ್ತ ಹೋಗಲಿಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಕ್ಕ ಕಾದಳು, ಆಮೇಲೆ ಅವರ ತೋಳು ಹಿಡಿದು ಅಲುಗಿಸಿದಳು.

“ಎಂತಕ್ಕೆ ಸುಮ್ನಾದ್ರಿ? ಹೇಳಿ. ಆಚೆ ದಡದಲ್ಲಿ ಎಂತ ಇದೆ?”

“ಆಚೆ ದಡ ಇಲ್ಲ ಕಣೆ.”

“ಇಲ್ವಾ? ಸರಿಯಾಗಿ ನೋಡಿ.”

ಭಾವ ಹಣೆಗೆ ಕೈ ಅಡ್ಡ ಹಿಡಿದು ಇನ್ನೊಮ್ಮೆ ಸರಿಯಾಗಿ ನೋಡಿದರು.

“ಇಲ್ಲ. ಎಲ್ಲೂ ಇಲ್ಲ.”

“ಹಂಗಾದ್ರೆ ಬಂದ್ವಿ,” ಎಂದಳು ಅಕ್ಕ. ನಾನಿದ್ದ ಕಡೆಗೆ ಕೈ ಚಾಚಿ, “ಆ ಗಂಟು ಕೊಡೇ, ಬಿಚ್ಚೋಣ,” ಎಂದಳು.